ಒಂದೇ ದುಃಖ, ಆರು ಊರು

ಒಬ್ಬ ಮನುಷ್ಯ ತನ್ನ ಒಂದು ದುಃಖವನ್ನ ಎಷ್ಟು ಊರಲ್ಲಿ, ಎಷ್ಟು ಸಲ ಹೇಳಬಹುದು? ಎಷ್ಟನೇ ಸಲಕ್ಕೆ ಅದು ದುಃಖ ಆಗಿ ಉಳಿಯದೆ ಕಾರ್ಯಕ್ರಮ ಆಗ್ತದ? ಕೇಳಲಿಕ್ಕೆ ಸಣ್ಣ ಪ್ರಶ್ನೆ. ಆದರೆ ಇದಕ್ಕೆ ಗೆಳೆಯನೊಬ್ಬ ಕೊಟ್ಟ ಉತ್ತರ ಒಂದು ತಿಂಗಳಿಂದ ನನ್ನ ತಲೆಯಲ್ಲಿ ಕೂತಿದೆ. ಅವನ ಉತ್ತರ ಭಾಳ ಚೊಕ್ಕ ಇತ್ತು. ಇಷ್ಟು ಚೊಕ್ಕ ಇದ್ದದ್ದರಲ್ಲಿ ಏನೋ ತಪ್ಪಿರಬೇಕು ಅಂತ ನನಗೆ ಅವತ್ತೇ ಅನಿಸಿತ್ತು.

ವಿಷಯ ಇಷ್ಟೇ. ಒಬ್ಬ ಕವಿ ಬೆಂಗಳೂರಿನಿಂದ ಕಾರಿನಲ್ಲಿ ಹೊರಟು, ಹೆದ್ದಾರಿ 48 ಹಿಡಿದು ತುಮಕೂರು, ಚಿತ್ರದುರ್ಗ, ದಾವಣಗೆರೆ, ಹಾವೇರಿ, ಹುಬ್ಬಳ್ಳಿ, ಬೆಳಗಾವಿ ಅಂತ ಆರು ಊರಲ್ಲಿ ತಮ್ಮ ಕವಿತೆ ಓದೋ ಪ್ರವಾಸ ಹಾಕಿಕೊಂಡಿದ್ದರು. ಹಿಂದಿನ ಸೀಟಿನ ಮೇಲೆ ಪುಸ್ತಕದ ಗಂಟು, ಪ್ರತಿ ಊರಲ್ಲಿ ಒಂದು ಸಂಜೆ. ಹುಬ್ಬಳ್ಳಿಯ ಓದು ಇದ್ದದ್ದು ಗೋಕುಲ ರಸ್ತೆಯ ಒಂದು ಸಣ್ಣ ಸಭಾಂಗಣದಲ್ಲಿ. ಗೋಕುಲ ರಸ್ತೆ ನೋಡದವರಿಗೆ ಒಂದು ಮಾತು ಹೇಳಬೇಕು. ವಿಮಾನ ನಿಲ್ದಾಣದ ದಾರಿ ಇದೇ, ಹೊಸ ಬಸ್ ನಿಲ್ದಾಣ ಇಲ್ಲೇ, ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿ ಇಲ್ಲೇ, ಕೈಗಾರಿಕಾ ವಸಾಹತೂ ಇಲ್ಲೇ. ಎಲ್ಲಾರೂ ಇನ್ನೆಲ್ಲಿಗೋ ಹೋಗಲಿಕ್ಕೆ ಅಂತ ಬರೋ ರಸ್ತೆ ಇದು. ಕವಿತೆ ಗಿವಿತೆ ಎಲ್ಲಾ ಇಪ್ಪತ್ತು ಕಿಲೋಮೀಟರ್ ಆಚೆ ಧಾರವಾಡದವರ ಉದ್ಯೋಗ ಅಂತ ಹುಬ್ಬಳ್ಳಿ ಮಂದಿನೇ ಹೇಳ್ತಾರ. ಆದರೂ ಅವತ್ತು ಮೂವತ್ತು ಮೂವತ್ತೈದು ಜನ ಬಂದಿದ್ದರು. ನಾನು ಮತ್ತು ನನ್ನ ಗೆಳೆಯ ಆಫೀಸಿನಿಂದ ನಡೆದೇ ಹೋಗಿದ್ದೆವು.

ಕೊನೆಗೆ ಅವರು ತೀರಿಕೊಂಡ ತಮ್ಮ ಮಗನ ಮೇಲೆ ಬರೆದ ಕವಿತೆ ಓದಿದರು. ಒಂದು ಸಾಲಿಗೆ ಬಂದಾಗ ದನಿ ನಿಂತಿತು. ಚಷ್ಮಾ ತೆಗೆದು ಒರೆಸಿಕೊಂಡರು. ಸಭೆಯಲ್ಲಿ ಫ್ಯಾನಿನ ಸಪ್ಪಳ ಬಿಟ್ಟರೆ ಏನೂ ಇಲ್ಲ. ಮತ್ತೆ ಶುರು ಮಾಡಿ ಮುಗಿಸಿದರು. ಚಪ್ಪಾಳೆ ಬಿತ್ತು.

ಹೊರಗೆ ಬಂದು ಮಿರ್ಚಿ ಗಿರ್ಮಿಟ್ ಮುಂದೆ ನಿಂತಾಗ ಗೆಳೆಯ ಹೇಳಿದ: "ದಾವಣಗೆರಿ ವಿಡಿಯೋ ಮಧ್ಯಾಹ್ನನ ನೋಡಿದ್ನಿ. ಅಲ್ಲೂ ಅದ ಸಾಲಿಗೆ ನಿಂತಾರ, ಅಲ್ಲೂ ಚಷ್ಮಾ ತಗದಾರ. ಮೊದಲನೇ ಸಲ ಅತ್ತರ ಅದು ದುಃಖ. ಎರಡನೇ ಸಲ ಅದ ಸಾಲಿಗೆ ಅತ್ತರ ಅದು ಡೆಮೊ."

ಅವನು ನಮ್ಮ ಕಂಪನಿಯಲ್ಲಿ ಟೆಸ್ಟರ್. ಒಂದೇ ಇನ್‌ಪುಟ್‌ಗೆ ಎರಡು ಸಲ ಒಂದೇ ಔಟ್‌ಪುಟ್ ಬಂದರೆ ಒಳಗೆ ಕೋಡ್ ಇದೆ ಅಂತ ಅರ್ಥ ಮಾಡಿಕೊಳ್ಳೋದೇ ಅವನ ಅನ್ನ. ಹಾಗಂತ ಅವನ ಮಾತನ್ನ ನಕ್ಕು ಬಿಡೋ ಹಾಗಿಲ್ಲ. ಅವನು ಕಟುಕ ಮನುಷ್ಯ ಅಲ್ಲ. ಅವನಿಗೆ ಮೋಸ ಆಗಬಾರದಿತ್ತು ಅಷ್ಟೆ. ಆ ಫ್ಯಾನಿನ ಸಪ್ಪಳದ ನಡುವೆ ಅವನ ಕಣ್ಣಲ್ಲೂ ನೀರು ಬಂದಿತ್ತು, ನಾನು ನೋಡಿದ್ದೆ. ಆ ನೀರನ್ನ ಯಾರೋ ಲೆಕ್ಕ ಹಾಕಿ ತೆಗೆಸಿದರಾ ಅನ್ನೋದು ಅವನ ಸಂಕಟ. ನಮ್ಮ ದಂಧೆಯಲ್ಲಿ ಇದು ದಿನಾ ನಡೆಯೋದು ನೋಡ್ರಿ. ಒಂದೇ ಡೆಮೊ ನಾಲ್ಕು ಕ್ಲೈಂಟ್‌ಗೆ ತೋರಿಸ್ತೇವೆ, ನಾಲ್ಕೂ ಸಲ ಅದೇ ಸ್ಲೈಡಿಗೆ "ಈಗ ಒಂದು ಮಜಾ ನೋಡ್ರಿ" ಅಂತ ಹೊಸದಾಗಿ ಹೊಳೆದವರ ಹಾಗೆ ಹೇಳ್ತೇವೆ. ಅದರಲ್ಲಿ ಸುಳ್ಳಿದೆ ಅಂತ ನಮಗೂ ಗೊತ್ತು, ಕ್ಲೈಂಟ್‌ಗೂ ಗೊತ್ತು. ಆದರೆ ಸತ್ತ ಮಗನ ವಿಷಯದಲ್ಲಿ ಹಾಗೆ ಮಾಡಿದರೆ? ಅದು ಬರೇ ಸುಳ್ಳಲ್ಲ, ಇನ್ನೇನೋ ಕೆಟ್ಟದ್ದು.

ಹಂಗಾದರೆ ಆರೋಪ ಏನು ಅಂತ ಮೊದಲು ಸರಿಯಾಗಿ ಹಿಡಿಯೋಣ. ನಿಜವಾದ ದುಃಖ ತಾನಾಗಿ ಬರ್ತದೆ, ಎಲ್ಲಿ ಬರ್ತದೆ ಅಂತ ಮೊದಲೇ ಗೊತ್ತಿರೋದಿಲ್ಲ, ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬಂದರೆ ಅದು ತಾಲೀಮು. ಇದು ಆರೋಪ. ಇದು ನಿಜ ಆಗಬೇಕಾದರೆ ನಮ್ಮ ಊರಿನ ಅರ್ಧ ಹೆಣ್ಣುಮಕ್ಕಳನ್ನ ನಟಿಯರು ಅನ್ನಬೇಕಾಗ್ತದೆ.

ನಮ್ಮದು ನವಲಗುಂದ ಕಡೆಯ ಒಂದು ಹಳ್ಳಿ. ಅಲ್ಲಿ ಸಾವಿನ ಮನೆಯಲ್ಲಿ ಹೆಂಗಸರು ಹಾಡ್ಯಾಡಿ ಅಳ್ತಾರೆ. ಸತ್ತವರ ಗುಣ, ಅವರು ಉಳಿಸಿ ಹೋದ ಕೆಲಸ, ಅವರು ತಿನ್ನದೆ ಹೋದ ಹಬ್ಬದ ಅಡುಗೆ, ಎಲ್ಲವನ್ನೂ ರಾಗಕ್ಕೆ ಹಚ್ಚಿ ಹೇಳ್ಕೊಂತ ಅಳೋದು. ನಮ್ಮ ಅಜ್ಜ ತೀರಿಕೊಂಡಾಗ ನಾನು ಎಂಟನೇ ಇಯತ್ತೆ. ಬೇರೆ ಬೇರೆ ಊರಿಂದ ಬೀಗರು ಬಂದ ಹಾಗೆಲ್ಲಾ ನಮ್ಮ ಆಯಿ ಅವರ ಕೊರಳಿಗೆ ಬಿದ್ದು ಅಳು ಶುರು ಮಾಡ್ತಿದ್ದಳು. ಪ್ರತಿ ಸಲ ಅದೇ ಮಾತು: ಎತ್ತು ಹೊಳ್ಳಿ ನೋಡಾಕತ್ತಾವ, ಹೊಸ ಧೋತರದ ಘಳಿಗಿ ಮುರದಿಲ್ಲ. ಅದೇ ರಾಗ, ಅದೇ ಜಾಗದಲ್ಲಿ ಉಸಿರು ಕಟ್ಟೋದು. ಬಂದವರು ಕೂತ ಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, "ಎಮ್ಮಿಗೆ ನೀರ ಕುಡಿಸೀರೇನು?" ಅಂತ ನಮ್ಮನ್ನ ಕೇಳ್ತಿದ್ದಳು. ಮುಂದಿನ ಬಸ್ಸಿಗೆ ಇನ್ನೊಬ್ಬರು ಬಂದರೆ ಮತ್ತೆ ಎತ್ತು, ಮತ್ತೆ ಧೋತರ. ದಿನಕರ್ಮ ಮುಗಿಯೋ ತನಕ ಇದು ಹೀಗೇ ನಡೀತು.

ಆ ಮನೆಯಲ್ಲಿ ಯಾರೂ ಇದು ನಾಟಕ ಅನ್ನಲಿಲ್ಲ. ಯಾಕೆ ಅನ್ನಲಿಲ್ಲ? ಎಲ್ಲರಿಗೂ ಗೊತ್ತಿತ್ತು, ಆ ಅಳು ಆಯಿಯ ಒಳಗಿನ ಸ್ಥಿತಿಯ ವರದಿ ಅಷ್ಟೇ ಅಲ್ಲ. ಬಂದವರಿಗೆ ಸಲ್ಲಬೇಕಾದದ್ದು ಅದು. ಮುಂಡರಗಿಯಿಂದ ಎರಡು ಬಸ್ಸು ಬದಲಿಸಿ ಬಂದ ಅಜ್ಜನ ತಂಗಿಗೆ, "ನಾ ಮುಂಜಾನೆನ ಅತ್ತೀನಿ, ನಿನಗ ತಡ ಆತು" ಅನ್ನಲಿಕ್ಕೆ ಆಗ್ತದೇನು? ಆಕೆಗೆ ಆಕೆಯ ಪಾಲಿನ ದುಃಖ ಕೊಡಬೇಕು. ಮಾತು ಹಳೆಯದು, ಆದರೆ ಬಂದ ಮನುಷ್ಯ ಹೊಸಬ. ದುಃಖಕ್ಕೆ ಒಂದು ರಾಗ ಇರೋದೇ ಇದಕ್ಕಾಗಿ ಅಂತ ನನಗೆ ಈಗ ಅನಿಸ್ತದೆ. ರಾಗ ಇಲ್ಲದಿದ್ದರೆ ಆಯಿ ಎರಡನೇ ಸಲಕ್ಕೇ ಕುಸಿದು ಬೀಳ್ತಿದ್ದಳು. ಇಲ್ಲಾ ಅಂದರೆ ಮೂರನೆಯವರು ಬಂದಾಗ ಸುಮ್ಮನೆ ಕೂತುಬಿಡ್ತಿದ್ದಳು.

ಮೊಹರಂ ತಗೊಳ್ರಿ. ನಮ್ಮ ಕಡೆ ಎಷ್ಟೋ ಹಳ್ಳಿಯಲ್ಲಿ ಮುಸಲ್ಮಾನರ ಮನೆ ಬೆರಳೆಣಿಕೆಯಷ್ಟೇ ಇದ್ದರೂ ಊರಿಗೆ ಊರೇ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕ್ತದೆ. ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ನಡೆದ ಸಾವನ್ನ ರಿವಾಯತ ಪದದಲ್ಲಿ ಹಾಡ್ತಾರೆ. ಹಾಡೋರಲ್ಲಿ ಲಿಂಗಾಯತರಿರ್ತಾರೆ, ಕುರುಬರಿರ್ತಾರೆ, ತಳವಾರರಿರ್ತಾರೆ. ಹದಿಮೂರು ಶತಮಾನ ದಾಟಿದ ದುಃಖ, ಪ್ರತಿ ವರ್ಷ ಅದೇ ಪದ. ಅದನ್ನ ಹಳಸಿದ ದುಃಖ ಅಂತ ಯಾರೂ ಅನ್ನೋದಿಲ್ಲ.

ಇಲ್ಲಿ ಓದಿಕೊಂಡವರು ನನ್ನನ್ನ ತಡೀಬಹುದು. "ಅಲ್ಲಪಾ, ಸಾವಿನ ಮನೆ ಬೇರೆ, ಸಭಾಂಗಣ ಬೇರೆ. ಕಾವ್ಯಕ್ಕೆ ನಮ್ಮಲ್ಲಿ ಬೇರೆ ಲೆಕ್ಕನೇ ಅದ" ಅಂತ. ಹೌದು, ಅದ. ಬಿ.ಇ. ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ತೀ.ನಂ.ಶ್ರೀಕಂಠಯ್ಯನವರ 'ಭಾರತೀಯ ಕಾವ್ಯಮೀಮಾಂಸೆ' ನಿಧಾನಕ್ಕೆ ಓದಿದ್ದೆ. ಶೋಕ ಬೇರೆ, ಕರುಣರಸ ಬೇರೆ ಅನ್ನೋದು ನಮ್ಮ ಆಲಂಕಾರಿಕರ ದೊಡ್ಡ ಮಾತು. ಶೋಕ ನನ್ನದು, ನಿನ್ನದು ಅಂತ ಒಬ್ಬೊಬ್ಬರ ಕೊರಳಿಗೆ ಕಟ್ಟಿದ್ದು. ಅದು ಕಾವ್ಯ ಆದಾಗ ಆ ಗಂಟು ಬಿಚ್ಚಿ ಎಲ್ಲರದೂ ಆಗ್ತದೆ. ಅದಕ್ಕೇ ದುಃಖದ ಕಾವ್ಯವನ್ನ ನಾವು ಮತ್ತೆ ಮತ್ತೆ ಕೇಳಬಲ್ಲೆವು. ಹದಿನೆಂಟನೇ ಶತಮಾನದ ಫ್ರಾನ್ಸಿನ ದಿದರೋ ಇನ್ನೂ ಒಂದು ಹೆಜ್ಜೆ ಮುಂದೆ ಹೋದ: ದೊಡ್ಡ ನಟ ರಂಗದ ಮೇಲೆ ಏನೂ ಅನುಭವಿಸೋದಿಲ್ಲ, ಅನುಭವಿಸಿದರೆ ಇವತ್ತು ಚೊಲೊ ಆಡ್ತಾನೆ, ನಾಳೆ ಕೆಡಸ್ತಾನೆ ಅಂದ. ಅವನ ಪ್ರಕಾರ ನೋಡಿದರೆ ನನ್ನ ಗೆಳೆಯ ಹೇಳಿದ 'ಡೆಮೊ' ಬೈಗುಳ ಅಲ್ಲ, ಶಹಬ್ಬಾಸ್‌ಗಿರಿ.

ಆದರೆ ಈ ಎರಡೂ ಉತ್ತರ ನಮ್ಮ ಕವಿಗೆ ಪೂರ್ತಿ ಹೊಂದೋದಿಲ್ಲ. ರಂಗದ ಮೇಲಿನ ಹರಿಶ್ಚಂದ್ರ ಮನೆಗೆ ಹೋದರೆ ಅವನ ಮಗ ಜೀವಂತ ಇರ್ತಾನೆ. ಈ ಕವಿ ಮನೆಗೆ ಹೋದರೆ ಮಗ ಇಲ್ಲ. ಇವರು ನಟನೂ ಹೌದು, ತಂದೆಯೂ ಹೌದು. ಶೋಕವನ್ನ ಎಲ್ಲರದ್ದು ಮಾಡಿದ ಮೇಲೂ ಇವರ ಪಾಲಿಗೆ ಅದು ಇವರದ್ದೇ ಆಗಿ ಉಳಿದಿದೆ. ಸಿದ್ಧಾಂತ ಕೇಳುಗನನ್ನ ಉಳಿಸ್ತದೆ, ಓದೋ ತಂದೆಯನ್ನ ಅಲ್ಲೇ ಬಿಟ್ಟು ಹೋಗ್ತದೆ.

ಇಂಥ ಜಾಗದಲ್ಲಿ ನಮಗೆ ಬೇಂದ್ರೆಯವರನ್ನ ಬಿಟ್ಟು ಬೇರೆ ಯಾರೂ ನೆನಪಾಗೋದಿಲ್ಲ. ಕವಿ ಪ್ರವಾಸ ಮಾಡಿ ಕವಿತೆ ಓದೋದು ಅಂದರೆ ಏನು ಅಂತ ಕನ್ನಡಕ್ಕೆ ತೋರಿಸಿದವರಲ್ಲಿ ಅವರು ದೊಡ್ಡವರು. 1929ರಲ್ಲಿ ಮಾಸ್ತಿಯವರ ಅಧ್ಯಕ್ಷತೆಯಲ್ಲಿ ನಡೆದ ಬೆಳಗಾವಿ ಸಾಹಿತ್ಯ ಸಮ್ಮೇಳನದಲ್ಲಿ ಅವರು ಕಾಲದ ಹಕ್ಕಿಯ ಆ ಕವಿತೆ ಓದಿ ಜನರ ಮನಸ್ಸು ಗೆದ್ದರು. 1943ರಲ್ಲಿ ಶಿವಮೊಗ್ಗ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. 1944ರಿಂದ 1956ರ ತನಕ ಸೊಲ್ಲಾಪುರದಲ್ಲಿ ಪ್ರಾಧ್ಯಾಪಕರು, ಆಮೇಲೆ ಧಾರವಾಡ ಆಕಾಶವಾಣಿಗೆ ಸಲಹೆಗಾರರು. ಅವರ ಕವಿತೆಯನ್ನ ಪುಸ್ತಕದಲ್ಲಿ ಓದೋದೇ ಬೇರೆ, ಅವರ ಬಾಯಿಂದ ಕೇಳೋದೇ ಬೇರೆ ಅಂತ ಕೇಳಿದವರೆಲ್ಲಾ ಹೇಳ್ತಾರೆ.

ಅದೇ ಬೇಂದ್ರೆ ಒಬ್ಬರಲ್ಲ, ಹಲವು ಮಕ್ಕಳನ್ನ ಕಳಕೊಂಡ ತಂದೆ. ಮಗು ಹೋದ ಹೊತ್ತಿನಲ್ಲಿ ಹೆಂಡತಿಯ ನೋಟವನ್ನ ಎದುರಿಸಲಾರದೆ ಬರೆದ ಅವರ ಕವಿತೆ ಕನ್ನಡದಲ್ಲಿ ಗೊತ್ತಿಲ್ಲದವರು ಕಡಿಮೆ. ಇವತ್ತು ಅದನ್ನ ಸುಗಮ ಸಂಗೀತದ ವೇದಿಕೆಯಲ್ಲಿ ತಬಲಾ, ಹಾರ್ಮೋನಿಯಂ ಇಟ್ಟುಕೊಂಡು ಹಾಡ್ತಾರೆ, ರಿಯಾಲಿಟಿ ಶೋದಲ್ಲಿ ಹಾಡ್ತಾರೆ, ಕೊನೆಗೆ ಚಪ್ಪಾಳೆ ಬೀಳ್ತದೆ. ಹಾಡೋರ ಮೇಲೆ ನನ್ನ ತಕರಾರಿಲ್ಲ. ಆದರೆ ಆ ಕವಿತೆಯಲ್ಲಿ ಇಬ್ಬರಿದ್ದಾರೆ ಅನ್ನೋದು ಚಪ್ಪಾಳೆ ಹೊತ್ತಿಗೆ ನಮಗೆ ಮರೆತುಹೋಗಿರ್ತದೆ. ಮಾತಾಡೋ ಗಂಡ ಒಬ್ಬ. ಮಾತಿಲ್ಲದೆ ಬರೇ ನೋಡೋ ಹೆಂಡತಿ ಇನ್ನೊಬ್ಬಳು. ದುಃಖ ಇಬ್ಬರದ್ದು, ಕವಿತೆ ಒಬ್ಬರ ಹೆಸರಿನದ್ದು. ಆ ಕವಿತೆಯ ದೊಡ್ಡಸ್ತಿಕೆ ಅಂದರೆ, ಅದು ಈ ಅನ್ಯಾಯವನ್ನ ಮುಚ್ಚಿಡೋದಿಲ್ಲ. ತಾನು ಮಾತಾಡಬಲ್ಲೆ, ಆಕೆ ಬರೇ ನೋಡಬಲ್ಲಳು, ಆಕೆಯ ನೋಟದ ಮುಂದೆ ತನ್ನ ಮಾತು ಸಣ್ಣದು ಅನ್ನೋದೇ ಅದರ ಒಳಗಿನ ಸಂಗತಿ ಅಂತ ನನ್ನ ತಿಳುವಳಿಕೆ.

ಇಲ್ಲಿಗೆ ಬಂದ ಮೇಲೆ ನನಗೆ ಪ್ರಶ್ನೆನೇ ಬದಲಾಯಿತು. ಕಣ್ಣೀರು ತಾಜಾ ಇತ್ತೋ ಇಲ್ಲೋ ಅನ್ನೋದು ನನ್ನ ಗೆಳೆಯನ ಪ್ರಶ್ನೆ. ಅದಕ್ಕಿಂತ ಗಟ್ಟಿ ಪ್ರಶ್ನೆ ಬೇರೆ ಇದೆ: ಈ ದುಃಖದಲ್ಲಿ ಪಾಲಿರೋ, ಆದರೆ ವೇದಿಕೆ ಮೇಲೆ ಇಲ್ಲದ ಮನುಷ್ಯರಿಗೆ ಈ ಓದಿನಲ್ಲಿ ಜಾಗ ಇದೆಯೋ ಇಲ್ಲೋ? ಆರು ಊರಲ್ಲಿ ಕವಿ ಮಗನ ಕವಿತೆ ಓದುವಾಗ ಬೆಂಗಳೂರಿನ ಮನೆಯಲ್ಲಿ ಆ ಮಗನ ತಾಯಿ ಇದ್ದಿರಬಹುದು. ಆಕೆಯನ್ನ ಯಾವ ಊರಿನವರೂ ಮಾತಾಡಿಸಲಿಲ್ಲ. ಕವಿ ಆ ದುಃಖಕ್ಕೆ ತಾನೊಬ್ಬನೇ ಮಾಲೀಕ ಅನ್ನೋ ಹಾಗೆ ಓದಿದರೆ, ಕಣ್ಣೀರು ನೂರಕ್ಕೆ ನೂರು ತಾಜಾ ಇದ್ದರೂ ನನಗೆ ಅದು ಸರಿ ಅನಿಸೋದಿಲ್ಲ. ಇದು ತನ್ನೊಬ್ಬನದ್ದಲ್ಲ ಅನ್ನೋ ಎಚ್ಚರ ಇಟ್ಟುಕೊಂಡು ಓದಿದರೆ, ಅದೇ ಸಾಲಿಗೆ ಆರು ಊರಲ್ಲಿ ಆರು ಸಲ ನಿಂತರೂ ತಪ್ಪಿಲ್ಲ.

ಇದು ಕವಿಯ ಕಡೆ ಮಾತು. ಕೇಳೋರ ಕಡೆಗೂ ಒಂದು ಲೆಕ್ಕ ಇದೆ, ಅದನ್ನ ನಾವು ಹೆಚ್ಚಾಗಿ ಹಾಕೋದೇ ಇಲ್ಲ.

ಚಾರ್ಲ್ಸ್ ಡಿಕನ್ಸ್ ಕೊನೆಯ ವರ್ಷಗಳಲ್ಲಿ ಊರೂರು ತಿರುಗಿ ತನ್ನ ಕಾದಂಬರಿಗಳ ಭಾಗ ಓದುತ್ತಿದ್ದ. 1869ರಿಂದ 'ಆಲಿವರ್ ಟ್ವಿಸ್ಟ್'ನಲ್ಲಿ ನ್ಯಾನ್ಸಿಯ ಕೊಲೆಯಾಗೋ ಭಾಗವನ್ನ ಎಷ್ಟು ಆವೇಶದಿಂದ ಓದಲಿಕ್ಕೆ ಶುರು ಮಾಡಿದ ಅಂದರೆ, ಓದಿದ ಮೇಲೆ ನಾಡಿ ಏರಿ ಸೋಫಾ ಮೇಲೆ ಮಲಗಬೇಕಾಗ್ತಿತ್ತು. ಆ ವರ್ಷವೇ ಏಪ್ರಿಲ್‌ನಲ್ಲಿ ದೇಹ ಕೈಕೊಟ್ಟು ಪ್ರವಾಸ ಅರ್ಧಕ್ಕೆ ನಿಂತಿತು. ಮುಂದಿನ ವರ್ಷ ಮತ್ತೆ ಓದಿದ, ಡಾಕ್ಟರು ಪಕ್ಕದಲ್ಲೇ ನಿಂತು ನಾಡಿ ಬರೆದುಕೊಂಡರು. 1870ರ ಜೂನ್‌ನಲ್ಲಿ ತೀರಿಕೊಂಡ. ಅದೊಂದೇ ಕಾರಣ ಅಂತ ಹೇಳಲಾಗದು. ಆದರೆ ಜನ ಆ ಕೊಲೆಯನ್ನ ಕೇಳಬಯಸಿದರು, ಅವನೂ ಕೊಡಬಯಸಿದ, ನಡುವೆ ಒಂದು ದೇಹ ಇತ್ತು.

ಅಮೆರಿಕದ ವೇಚಲ್ ಲಿಂಡ್ಸೆ ಅಂತ ಒಬ್ಬ ಕವಿ. 1912ರಲ್ಲಿ ಕೈಯಲ್ಲಿ ದುಡ್ಡಿಲ್ಲದೆ ನಡೆದುಕೊಂಡೇ ಹೊರಟ. ತನ್ನ ಪದ್ಯಗಳ ಸಣ್ಣ ಹೊತ್ತಿಗೆ ಕೊಟ್ಟು ಬದಲಿಗೆ ರೊಟ್ಟಿ, ಒಂದು ರಾತ್ರಿಯ ಜಾಗ ಕೇಳ್ತಿದ್ದ. ನಮ್ಮ ಜೋಗಿ, ದಾಸಯ್ಯರ ನೆನಪಾಗ್ತದೆ. ಆಮೇಲೆ ಅವನ ಒಂದು ಅಬ್ಬರದ ಕವಿತೆ ಪ್ರಸಿದ್ಧ ಆಯಿತು. ಹೋದ ಹೋದ ಸಭೆಯಲ್ಲಿ ಜನ ಅದನ್ನೇ ಕೇಳಿದರು. ಬೇರೆ ಏನು ಬರೆದರೂ ಅದನ್ನೇ ಓದು ಅಂದರು. ತನ್ನದೇ ಕವಿತೆ ಅವನಿಗೆ ಬೇಡಿ ಆಯಿತು. ನಮ್ಮ ಕಂಪನಿ ನಾಟಕದವರಿಗೆ ಇದು ಚೆನ್ನಾಗಿ ಗೊತ್ತು. ರಂಗಗೀತೆ ಮುಗಿದ ಕೂಡಲೇ ಕೆಳಗಿನಿಂದ "ಒನ್ಸ್ ಮೋರ್" ಅಂತ ಕೂಗು ಬಂದರೆ ಸತ್ತು ಬಿದ್ದ ಪಾತ್ರವೂ ಎದ್ದು ಇನ್ನೊಮ್ಮೆ ಹಾಡಬೇಕು ಅಂತ ನಮ್ಮಲ್ಲಿ ಚ್ಯಾಷ್ಟಿ ಮಾಡ್ತಾರೆ. ನಾಟಕದಲ್ಲಿ ಅದು ನಗು ತರೋ ಮಾತು. ಸ್ವಂತ ಮಗನ ಸಾವಿನ ವಿಷಯದಲ್ಲಿ "ಒನ್ಸ್ ಮೋರ್" ಅಂದರೆ ಏನು ಅರ್ಥ ಅಂತ ಒಂದು ಕ್ಷಣ ಯೋಚನೆ ಮಾಡ್ರಿ.

ಗೋಕುಲ ರಸ್ತೆಯ ಆ ಸಭೆಯಲ್ಲಿ ಕವಿ ತಾವಾಗಿ ಆ ಕವಿತೆ ತೆಗೆದಿರಲಿಲ್ಲ ಅನ್ನೋದನ್ನ ನನ್ನ ಗೆಳೆಯ ಮರೆತುಬಿಟ್ಟಿದ್ದ. ಪುಸ್ತಕ ಮುಚ್ಚಿ ಇಡುವಾಗ ಹಿಂದಿನ ಸಾಲಿನಿಂದ ಯಾರೋ "ಸರ್, ಮಗನ ಮ್ಯಾಲಿಂದು ಒಂದು ಓದ್ರಿ" ಅಂದರು. ಕವಿ ಒಂದು ಕ್ಷಣ ಸುಮ್ಮನಿದ್ದು, ಮತ್ತೆ ಪುಟ ತೆಗೆದರು. ದಾವಣಗೆರೆಯಲ್ಲೂ ಹೀಗೇ ಆಗಿತ್ತೋ ಏನೋ, ವಿಡಿಯೋ ಕವಿತೆಯಿಂದಲೇ ಶುರು ಆಗ್ತದೆ. ಹಂಗಾದರೆ ಡೆಮೊ ಕೇಳಿದ್ದು ನಾವು. ಕೇಳಿ, ಕೊಟ್ಟ ಮೇಲೆ, ಇದು ಅಸಲಿ ಹೌದೋ ಅಲ್ಲೋ ಅಂತ ಇನ್ನೊಂದು ಊರಿನ ವಿಡಿಯೋ ಹಚ್ಚಿ ತಾಳೆ ನೋಡಿದ್ದೂ ನಾವು.

ವಿಡಿಯೋ ಅಂದೆ, ಅದರಲ್ಲಿ ಒಂದು ವಿಚಿತ್ರ ಇದೆ. ಆ ದಾವಣಗೆರೆ ವಿಡಿಯೋ ಸಾವಿರ ಸಲ ಒತ್ತಿದರೂ ಕವಿ ಸಾವಿರ ಸಲ ಅದೇ ಸಾಲಿಗೆ ನಿಲ್ತಾರೆ. ಅದಕ್ಕೆ ಯಾರೂ ನಾಟಕ ಅನ್ನೋದಿಲ್ಲ. "ಮನಸ್ಸು ಕಲಕಿತು" ಅಂತ ಮುಂದೆ ಕಳಿಸ್ತೇವೆ. ಯಂತ್ರ ಒಂದೇ ದುಃಖವನ್ನ ಸಾವಿರ ಸಲ ಹೇಳಿದರೆ ಅದು ನಿಜ, ಮನುಷ್ಯ ಆರು ಸಲ ಹೇಳಿದರೆ ಸುಳ್ಳು. ಯಂತ್ರಕ್ಕೆ ಏನೂ ಖರ್ಚಾಗೋದಿಲ್ಲ. ಮನುಷ್ಯನಿಗೆ ಪ್ರತಿ ಸಲ ಏನೋ ಖರ್ಚಾಗ್ತದೆ. ಖರ್ಚಾಗೋದನ್ನ ಅನುಮಾನಿಸಿ, ಖರ್ಚಾಗದ್ದನ್ನ ನಂಬೋದು ಯಾವ ನ್ಯಾಯ?

ಇದೆಲ್ಲಾ ಹೇಳಿದ ಮೇಲೂ ಗೆಳೆಯನ ಮಾತಿನಲ್ಲಿ ಒಂದು ಕಾಳು ನಿಜ ಉಳೀತದೆ, ಅದನ್ನ ಅವನಿಗೆ ಕೊಡಬೇಕು. ದುಃಖವನ್ನ ಮಾರಾಟದ ಸರಕು ಮಾಡೋರು ಇದ್ದಾರೆ, ಇಲ್ಲ ಅನ್ನೋಕಾಗೋದಿಲ್ಲ. ಊರು ಯಾವುದು, ಎದುರಿಗೆ ಕೂತೋರು ಯಾರು ಅಂತ ತಲೆ ಎತ್ತಿ ನೋಡದೆ, ಎಲ್ಲಿ ನಿಂತರೆ ಜನ ಅಳ್ತಾರೆ ಅಂತ ಗೊತ್ತು ಮಾಡಿಕೊಂಡು ಅಲ್ಲಿ ನಿಲ್ಲೋರಿದ್ದಾರೆ. ಅವರನ್ನ ಹೇಗೆ ಗುರುತಿಸೋದು? ಕಣ್ಣೀರಿನಿಂದ ಸಾಧ್ಯ ಇಲ್ಲ, ಒಳಗಿಂದ ಬಂದದ್ದೂ ತಾಲೀಮಿನಿಂದ ಬಂದದ್ದೂ ಹೊರಗೆ ಒಂದೇ ರೀತಿ ಕಾಣ್ತದೆ. ನನಗೆ ತೋಚಿದ ಗುರುತು ಒಂದೇ: ಓದದೇ ಇರೋ ಸ್ವಾತಂತ್ರ್ಯ ಅವರಿಗೆ ಉಳಿದಿದೆಯಾ? "ಇವತ್ತು ಬ್ಯಾಡ್ರಿ, ಬೇರೆ ಒಂದು ಓದ್ತೀನಿ" ಅನ್ನಬಲ್ಲವರು ಓದಿದಾಗ, ಅದು ನಮಗೆ ಕೊಟ್ಟದ್ದು. ಹಾಗೆ ಅನ್ನಲಾಗದವರು ಓದಿದಾಗ, ಒಂದೋ ಅವರು ಮಾರ್ತಿದ್ದಾರೆ, ಇಲ್ಲಾ ನಾವು ಕಿತ್ಕೊಳ್ತಿದ್ದೇವೆ. ಎರಡರಲ್ಲಿ ಯಾವುದು ಅಂತ ಕೆಳಗೆ ಕೂತವರಿಗೆ ತಿಳಿಯೋದಿಲ್ಲ. ಕಿತ್ಕೊಳ್ಳೋದನ್ನ ನಿಲ್ಲಿಸೋದು ಮಾತ್ರ ನಮ್ಮ ಕೈಯಲ್ಲಿದೆ.

ಅದಕ್ಕೆ ನನ್ನ ಮಟ್ಟಿಗೆ ಒಂದು ನಿಯಮ ಮಾಡಿಕೊಂಡಿದ್ದೇನೆ, ಬೇಕಾದರೆ ನೀವೂ ನೋಡ್ರಿ. ಕವಿ ಊರಿಗೆ ಬಂದರೆ ಹೋಗೋದು. ಒಂದು ಪುಸ್ತಕ ಕೊಳ್ಳೋದು, ಪೆಟ್ರೋಲ್ ಅವರಿಗೇನು ಪುಕ್ಕಟೆ ಸಿಗೋದಿಲ್ಲ. ಯಾವ ಕವಿತೆ ಓದಬೇಕು ಅನ್ನೋದನ್ನ ಅವರಿಗೇ ಬಿಡೋದು. ನಗೋ ಕವಿತೆ, ಮಳೆಯ ಕವಿತೆ ಆದರೆ ಕೇಳಿದರೂ ನಡೀತದ, ಸತ್ತವರ ಕವಿತೆ ಕೇಳಿ ಓದಿಸಬಾರದು. ಅವರಾಗಿ ಓದಿದರೆ ಮೊಬೈಲ್ ಕೆಳಗಿಡೋದು, ಹಿಂದಿನ ಊರಿನಲ್ಲಿ ಹೆಂಗ ಓದಿದ್ದರು ಅಂತ ತಾಳೆ ನೋಡದೆ ಕೇಳೋದು.

ಚಪ್ಪಾಳೆ ತಟ್ಟಬೇಕೋ ಬೇಡವೋ? ಇದನ್ನ ನನ್ನ ಗೆಳೆಯನೇ ಆಮೇಲೆ ಕೇಳಿದ. ನಮ್ಮ ಕಡೆ ಸಾವಿನ ಮನೆಗೆ ಹೋದವರು ಹೊರಡುವಾಗ "ಹೋಗಿ ಬರ್ತೀನಿ" ಅನ್ನೋದಿಲ್ಲ. ಹೇಳದೆ ಕೇಳದೆ ಎದ್ದು ಬರ್ತಾರೆ. ಅದನ್ನ ಯಾರೂ ಅಗೌರವ ಅಂತ ತಿಳಿಯೋದಿಲ್ಲ. ಅಂಥ ಕವಿತೆ ಮುಗಿದಾಗ ನಾವೂ ಎರಡು ನಿಮಿಷ ಸುಮ್ಮನೆ ಕೂತು ಎದ್ದರೆ ಕವಿಗೆ ಅರ್ಥ ಆಗ್ತದೆ ಅಂತ ಹೇಳಿದೆ. ಅವನು "ಟ್ರೈ ಮಾಡೂಣಂತ" ಅಂದ.